ಡ್ಯುಯಲ್ ಬೂಟ್ ಮಾಡಿದ ಮೇಲೆ ಹಳೆಯ ಓಎಸ್ ಕಾಣದೆ ಹೋದರೆ

ರಾತ್ರಿ ಹನ್ನೊಂದು ದಾಟಿದ ಮೇಲೆ ಗೆಳೆಯನ ಫೋನ್ ಬಂತು. ವಿಂಡೋಸ್ ಇದ್ದ ಲ್ಯಾಪ್‌ಟಾಪಿನಲ್ಲಿ ಪಕ್ಕದಲ್ಲೇ ಲಿನಕ್ಸ್ ಹಾಕಿಕೊಂಡಿದ್ದ. ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಂ (ಓಎಸ್), ಇದಕ್ಕೇ ಡ್ಯುಯಲ್ ಬೂಟ್ ಎನ್ನುವುದು. ಇನ್‌ಸ್ಟಾಲ್ ಮುಗಿದು ರೀಸ್ಟಾರ್ಟ್ ಮಾಡಿದರೆ ಸೀದಾ ಲಿನಕ್ಸ್ ಶುರುವಾಯಿತು. ಮೆನು ಬರಲಿಲ್ಲ, ವಿಂಡೋಸ್‌ನ ಸುಳಿವೇ ಇಲ್ಲ. "ಎಲ್ಲಾ ಹೋಯ್ತು ಕಣೋ. ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋ ಎಲ್ಲ ಅದರಲ್ಲೇ ಇದ್ವು" ಅಂದ. ಗಾಬರಿಗೆ ಬಿದ್ದು ವಿಂಡೋಸ್ ಪೆನ್‌ಡ್ರೈವ್ ಹಾಕಿ ಮೊದಲಿಂದ ಇನ್‌ಸ್ಟಾಲ್ ಮಾಡಲು ಹೊರಟಿದ್ದ. ಪರದೆಯ ಮೇಲೆ ಪಾರ್ಟಿಷನ್‌ಗಳ, ಅಂದರೆ ಡಿಸ್ಕ್‌ನ ವಿಭಾಗಗಳ, ಪಟ್ಟಿ ತೆರೆದಿತ್ತು, "ನೆಕ್ಸ್ಟ್" ಒತ್ತುವುದೊಂದೇ ಬಾಕಿ. "ಕೈ ತೆಗಿ. ಏನೂ ಒತ್ತಬೇಡ. ಪವರ್ ಬಟನ್ ಹಿಡಿದು ಆಫ್ ಮಾಡು" ಅಂದೆ.

ಮುಕ್ಕಾಲು ಗಂಟೆಯೊಳಗೆ ಅವನ ವಿಂಡೋಸ್ ಮೊದಲಿದ್ದ ಹಾಗೇ ತೆರೆದುಕೊಂಡಿತು. ಒಂದು ಫೋಟೋ ಕೂಡ ಹೋಗಿರಲಿಲ್ಲ. ಡಿಸ್ಕ್‌ನಲ್ಲಿ ಅದು ಇದ್ದಲ್ಲೇ ಇತ್ತು, ಅಲ್ಲಿಗೆ ಹೋಗುವ ದಾರಿ ಮಾತ್ರ ತಪ್ಪಿತ್ತು. ಅವನು ಆ ನೆಕ್ಸ್ಟ್ ಒತ್ತಿದ್ದರೆ ಆಗ ನಿಜಕ್ಕೂ ಹೋಗುತ್ತಿತ್ತು.

ಡ್ಯುಯಲ್ ಬೂಟ್ ಕೈಕೊಟ್ಟ ಕಂಪ್ಯೂಟರುಗಳನ್ನು ನೋಡುತ್ತಾ ಬಂದ ನನಗೆ ಖಾತ್ರಿಯಾದ ಸಂಗತಿ ಇದು: ಇನ್‌ಸ್ಟಾಲ್ ಮಾಡುವಾಗ ಆಗುವ ಹಾನಿಗಿಂತ ಅದಾದ ಮೇಲಿನ ಗಾಬರಿಯಲ್ಲಿ ನಾವು ಮಾಡಿಕೊಳ್ಳುವ ಹಾನಿಯೇ ದೊಡ್ಡದು. ಆದ್ದರಿಂದ ಸರಿಪಡಿಸುವ ಕಮಾಂಡ್‌ಗಳಿಗೆ ಕೈ ಹಾಕುವ ಮೊದಲು, ಪವರ್ ಬಟನ್ ಒತ್ತಿದ ಮೇಲೆ ಒಳಗೆ ಏನೇನು ನಡೆಯುತ್ತದೆ ಎಂದು ತಿಳಿದುಕೊಳ್ಳಬೇಕು. ಸರಪಳಿಯ ಯಾವ ಕೊಂಡಿ ಕಳಚಿದೆ ಎಂದು ಗೊತ್ತಾದರೆ ರಿಪೇರಿ ಬಹಳ ಸಲ ನಾಲ್ಕೈದು ಸಾಲಿನ ಕೆಲಸ.

ಪವರ್ ಬಟನ್ ಒತ್ತಿದ ಮೇಲೆ

ಕಂಪ್ಯೂಟರ್ ಆನ್ ಆದಾಗ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡ್ ಮೇಲಿನ ಫರ್ಮ್‌ವೇರ್ ಎಂಬ ಮೂಲ ಪ್ರೋಗ್ರಾಂ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಡಿಸ್ಕ್‌ನಲ್ಲಿ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಬೂಟ್ ಲೋಡರ್ ಎಂಬ ಸಣ್ಣ ಪ್ರೋಗ್ರಾಂ ಸಿಗುವ ಜಾಗ ಮಾತ್ರ. ಅದನ್ನು ಓಡಿಸಿ ಫರ್ಮ್‌ವೇರ್ ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಆಪರೇಟಿಂಗ್ ಸಿಸ್ಟಂ ಹುಡುಕಿ ಎಬ್ಬಿಸುವುದು ಬೂಟ್ ಲೋಡರ್ ಕೆಲಸ. ವಿಂಡೋಸ್‌ಗೆ ತನ್ನದೇ ಬೂಟ್ ಮ್ಯಾನೇಜರ್ ಇದೆ, ಹೆಚ್ಚಿನ ಲಿನಕ್ಸ್‌ಗಳದು ಗ್ರಬ್.

ಬೂಟ್ ಲೋಡರ್ ಇರುವ ಜಾಗದ ವಿಷಯದಲ್ಲಿ ಎರಡು ಕಾಲದ ಎರಡು ಪದ್ಧತಿಗಳಿವೆ, ಗೊಂದಲದ ಬಹುಪಾಲು ಹುಟ್ಟುವುದೂ ಇಲ್ಲೇ. ಹಳೆಯದು ಬಯೋಸ್ ಪದ್ಧತಿ. ಡಿಸ್ಕ್‌ನ ಮೊಟ್ಟಮೊದಲ ಸೆಕ್ಟರ್‌ಗೆ ಮಾಸ್ಟರ್ ಬೂಟ್ ರೆಕಾರ್ಡ್, ಅಂದರೆ ಎಂಬಿಆರ್, ಎಂದು ಹೆಸರು. 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದದ್ದು. ಇಡೀ ಸೆಕ್ಟರ್ 512 ಬೈಟ್. ಅದರಲ್ಲಿ 446 ಬೈಟ್ ಬೂಟ್ ಕೋಡ್‌ಗೆ, 64 ಬೈಟ್ ಪಾರ್ಟಿಷನ್ ಪಟ್ಟಿಗೆ, ಕೊನೆಯ 2 ಬೈಟ್ ಗುರುತಿನ ಸಹಿಗೆ. ಈ 446 ಬೈಟ್‌ನ ಜಾಗದಲ್ಲಿ ಒಬ್ಬರಿಗೆ ಮಾತ್ರ ಕೂರಲು ಅವಕಾಶ. ಯಾರು ಕೊನೆಗೆ ಇನ್‌ಸ್ಟಾಲ್ ಆದರೋ ಅವರೇ ಅಲ್ಲಿ ಕೂರುತ್ತಾರೆ. ಗ್ರಬ್ ಬಂದು ಕೂತರೆ ವಿಂಡೋಸ್‌ಗೂ ದಾರಿ ತೋರಿಸುತ್ತದೆ. ವಿಂಡೋಸ್ ಬಂದು ಕೂತರೆ ಲಿನಕ್ಸ್ ಇದೆ ಎಂಬುದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ಮೊದಲು ವಿಂಡೋಸ್ ಹಾಕಿ, ಆಮೇಲೆ ಲಿನಕ್ಸ್" ಎಂಬ ಹಳೆಯ ಬುದ್ಧಿಮಾತು ಹುಟ್ಟಿದ್ದು ಹೀಗೆ.

ಹೊಸದು ಯುಇಎಫ್‌ಐ ಪದ್ಧತಿ. ಇಲ್ಲಿ ಡಿಸ್ಕ್‌ನಲ್ಲಿ ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎಂಬ ಪುಟ್ಟ ವಿಭಾಗ ಇರುತ್ತದೆ. ವಿಂಡೋಸ್ ತಾನಾಗಿ ಮಾಡಿಕೊಂಡರೆ ಸಾಮಾನ್ಯವಾಗಿ 100 ಎಂಬಿ, ಫ್ಯಾಟ್32 ಫಾರ್ಮ್ಯಾಟ್. ಒಳಗೆ ಪ್ರತಿ ಆಪರೇಟಿಂಗ್ ಸಿಸ್ಟಂಗೂ ಒಂದೊಂದು ಫೋಲ್ಡರ್. ಮೈಕ್ರೋಸಾಫ್ಟ್ ಎಂಬ ಫೋಲ್ಡರಿನ ಒಳಗಿನ ಬೂಟ್ ಫೋಲ್ಡರಿನಲ್ಲಿ ವಿಂಡೋಸ್‌ನ ಬೂಟ್ ಫೈಲ್, ಉಬುಂಟು ಎಂಬ ಫೋಲ್ಡರಿನಲ್ಲಿ ಅದರ ಗ್ರಬ್. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರಬೇಕಿಲ್ಲ. ಯಾವ ಫೈಲನ್ನು ಮೊದಲು ಓಡಿಸಬೇಕು ಎಂಬ ಕ್ರಮವನ್ನು ಮದರ್‌ಬೋರ್ಡ್ ತನ್ನದೇ ನೆನಪಿನ ಚಿಪ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹೀಗಾಗಿ ಯುಇಎಫ್‌ಐ ಕಂಪ್ಯೂಟರಿನಲ್ಲಿ ಓಎಸ್ "ಕಾಣೆ" ಎಂದರೆ ಎಷ್ಟೋ ಸಲ ಈ ಕ್ರಮ ಮೇಲೆ ಕೆಳಗೆ ಆಗಿದೆ ಎಂದಷ್ಟೇ ಅರ್ಥ.

ಅಂದರೆ ಕಳಚಬಹುದಾದ ಕೊಂಡಿಗಳು ನಾಲ್ಕು. ಫರ್ಮ್‌ವೇರ್‌ನ ಕ್ರಮಪಟ್ಟಿ, ಬೂಟ್ ಲೋಡರ್, ಪಾರ್ಟಿಷನ್ ಪಟ್ಟಿ, ಕೊನೆಗೆ ಫೈಲುಗಳೇ. ಮೊದಲ ಎರಡು ಕೆಟ್ಟಿದ್ದರೆ ಚಿಂತೆ ಬೇಡ. ಮೂರನೆಯದು ಕೆಟ್ಟಿದ್ದರೆ ಎಚ್ಚರ ಬೇಕು. ನಾಲ್ಕನೆಯದಾದರೆ ಏನು ಉಳಿದಿದೆ ಎಂದು ಹುಡುಕುವ ಕೆಲಸ.

ಬರೆಯುವ ಮೊದಲು ನೋಡಿ

ಡಿಸ್ಕ್ ಮೇಲೆ ಏನನ್ನೂ ಬರೆಯದೆ ಪರಿಸ್ಥಿತಿ ಅರಿಯುವುದು ಮೊದಲ ಕೆಲಸ. ಇದಕ್ಕೆ ಬೇರೊಂದು ಕಂಪ್ಯೂಟರಿನಲ್ಲಿ ಲಿನಕ್ಸ್‌ನ ಲೈವ್ ಪೆನ್‌ಡ್ರೈವ್ (ಡಿಸ್ಕ್‌ಗೆ ಇನ್‌ಸ್ಟಾಲ್ ಆಗದೆ ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್) ಮಾಡಿಕೊಂಡು ಅದರಿಂದ ಬೂಟ್ ಮಾಡಿ. "ಇನ್‌ಸ್ಟಾಲ್" ಬಿಟ್ಟು "ಟ್ರೈ" ಆರಿಸಿ. ಟರ್ಮಿನಲ್ ತೆರೆದು ಎಲ್‌ಎಸ್‌ಬಿಎಲ್‌ಕೆ ಎಂದು ಕೊಟ್ಟರೆ ಪ್ರತಿ ಪಾರ್ಟಿಷನ್ನಿನ ಹೆಸರು, ಗಾತ್ರ ಸಾಲಾಗಿ ಬರುತ್ತವೆ, ಮುಂದೆ ಹೈಫನ್ ಎಫ್ ಸೇರಿಸಿದರೆ ಫೈಲ್ ಸಿಸ್ಟಂ ಯಾವುದೆಂದು ಕಾಣುತ್ತದೆ. (ಈ ಲೇಖನದಲ್ಲಿ ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳೇ ಇರಲಿ.)

ಪಟ್ಟಿಯಲ್ಲಿ ಎನ್‌ಟಿಎಫ್‌ಎಸ್ ಎಂದಿರುವ ದೊಡ್ಡ ಪಾರ್ಟಿಷನ್ ಕಂಡರೆ ವಿಂಡೋಸ್‌ನ ಮನೆ ಇದೆ. ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಎಂದಿದ್ದರೆ ಅದು ಲಿನಕ್ಸ್‌ನದು. ಬಿಟ್‌ಲಾಕರ್ (ವಿಂಡೋಸ್‌ನ ಎನ್‌ಕ್ರಿಪ್ಷನ್) ಎಂದು ತೋರಿಸಿದರೆ ವಿಂಡೋಸ್ ಬೀಗ ಹಾಕಿಕೊಂಡು ಕೂತಿದೆ. ಪಾರ್ಟಿಷನ್ ಕಂಡಿತೆಂದರೆ ಅರ್ಧ ಚಿಂತೆ ಕಳೆಯಿತು. ಫೈಲ್ ಮ್ಯಾನೇಜರಿನಲ್ಲಿ ಅದನ್ನು ತೆರೆದು ನೋಡಿ, ಫೋಟೋ, ದಾಖಲೆಗಳು ಕಂಡರೆ ಉಳಿದೆಲ್ಲಕ್ಕಿಂತ ಮೊದಲು ಅವನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಈ ಒಂದು ಕೆಲಸ ಮುಗಿದರೆ ಮುಂದಿನ ರಿಪೇರಿಯಲ್ಲಿ ಕೈ ನಡುಗುವುದಿಲ್ಲ. ನಕಲಿಗೆ ಜಾಗ ಇಲ್ಲದಿದ್ದರೆ ಜಾಗ ಹೊಂದಿಸಿಕೊಂಡೇ ಮುಂದುವರಿಯಿರಿ ಎಂಬುದು ನನ್ನ ಒತ್ತಾಯ.

ಇನ್ನೂ ಒಂದು ಅಪಾಯದ ಜಾಗ ಇದೆ. ವಿಂಡೋಸ್‌ಗೆ ಲಿನಕ್ಸ್‌ನ ಫೈಲ್ ಸಿಸ್ಟಂ ಓದಲು ಬರುವುದಿಲ್ಲ. ಆ ಪಾರ್ಟಿಷನ್‌ಗೆ ಹೇಗೋ ಡ್ರೈವ್ ಅಕ್ಷರ ಸಿಕ್ಕಿದ್ದರೆ, ಅದನ್ನು ತೆರೆಯಲು ಹೋದಾಗ "ಈ ಡಿಸ್ಕ್ ಬಳಸಲು ಮೊದಲು ಫಾರ್ಮ್ಯಾಟ್ ಮಾಡಬೇಕು" ಎಂದು ಕೇಳುತ್ತದೆ. ಡಿಸ್ಕ್ ಕೆಟ್ಟಿದೆ ಎಂದು ಅದರ ಅರ್ಥವಲ್ಲ. ವಿಂಡೋಸ್‌ಗೆ ಅರ್ಥವಾಗಲಿಲ್ಲ ಎಂದಷ್ಟೇ. ಕ್ಯಾನ್ಸಲ್ ಒತ್ತಿ ಹೊರಬನ್ನಿ.

ಲಿನಕ್ಸ್ ಬಂತು, ವಿಂಡೋಸ್ ಹೋಯಿತು

ಗೆಳೆಯನದು ಇದೇ ಪ್ರಕರಣ. ಮೊದಲು ಅವನಿಗೆ ಹೇಳಿದ್ದು, ಆನ್ ಮಾಡಿದ ತಕ್ಷಣ ಬೂಟ್ ಮೆನುವಿನ ಕೀ ಒತ್ತುತ್ತಾ ಇರು ಎಂದು. ಕಂಪನಿಯಿಂದ ಕಂಪನಿಗೆ ಇದು ಬೇರೆ: ಎಫ್12, ಎಫ್9, ಎಫ್11, ಎಫ್8, ಎಸ್ಕೇಪ್, ಇವುಗಳಲ್ಲಿ ಒಂದಿರುತ್ತದೆ. ಅವನ ಪರದೆಯಲ್ಲಿ ಎರಡು ಸಾಲು ಬಂದವು. ಒಂದು ಲಿನಕ್ಸ್‌ನದು, ಇನ್ನೊಂದರಲ್ಲಿ "ವಿಂಡೋಸ್ ಬೂಟ್ ಮ್ಯಾನೇಜರ್". ಬಾಣದ ಕೀಯಿಂದ ಕೆಳಗಿಳಿದು ಎಂಟರ್ ಒತ್ತಿದ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ "ಬಂತು" ಅಂದ. ಕ್ರಮಪಟ್ಟಿ ಸರಿಯಿತ್ತು, ವಿಂಡೋಸ್‌ನ ಬೂಟ್ ಫೈಲೂ ಸರಿಯಿತ್ತು. ಗ್ರಬ್‌ನ ಮೆನುವಿನಲ್ಲಿ ಅದರ ಹೆಸರು ಮಾತ್ರ ಸೇರಿರಲಿಲ್ಲ.

ಯಾಕೆ ಸೇರಿರಲಿಲ್ಲ? ಡಿಸ್ಕ್‌ನಲ್ಲಿ ಬೇರೆ ಯಾವ ಓಎಸ್ ಇದೆ ಎಂದು ಹುಡುಕುವುದು ಓಎಸ್-ಪ್ರೋಬರ್ ಎಂಬ ಪ್ರೋಗ್ರಾಂ. ಗ್ರಬ್ ತನ್ನ ಮೆನು ತಯಾರಿಸುವಾಗ ಅದನ್ನು ಕೇಳುತ್ತದೆ. 2021ರಲ್ಲಿ ಬಂದ ಗ್ರಬ್ 2.06ರಿಂದ ಸುರಕ್ಷತೆಯ ಕಾರಣಕ್ಕೆ ಈ ಹುಡುಕಾಟವನ್ನು ಮೂಲದಲ್ಲೇ ಆಫ್ ಮಾಡಿ ಕೊಡುತ್ತಿದ್ದಾರೆ. ಕೆಲವು ಲಿನಕ್ಸ್ ಹಂಚಿಕೆಗಳು ಅದನ್ನು ಮತ್ತೆ ಆನ್ ಮಾಡಿ ಕೊಡುತ್ತವೆ, ಕೆಲವು ಇಲ್ಲ. ಕಾರಣ ಗೊತ್ತಿಲ್ಲದವರಿಗೆ ಹೊಸ ಲಿನಕ್ಸ್ ತಮ್ಮ ವಿಂಡೋಸನ್ನು ಅಳಿಸಿತು ಎಂದೇ ಅನಿಸುತ್ತದೆ.

ಸರಿಪಡಿಸುವುದು ಹೀಗೆ. ಲಿನಕ್ಸ್‌ನ ಇಟಿಸಿ ಫೋಲ್ಡರಿನ ಒಳಗೆ ಡಿಫಾಲ್ಟ್ ಎಂಬ ಫೋಲ್ಡರ್, ಅದರೊಳಗೆ ಗ್ರಬ್ ಎಂಬ ಫೈಲ್ ಇದೆ. ಅದನ್ನು ಸೂಡೋ, ಅಂದರೆ ಅಡ್ಮಿನ್, ಅಧಿಕಾರದಿಂದ ತೆರೆದು "ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್" ಎಂಬ ಸಾಲನ್ನು ಹುಡುಕಿ. ಅಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತದೆ, ಎಲ್ಲ ದೊಡ್ಡ ಅಕ್ಷರ. ಮುಂದಿನ ಹ್ಯಾಷ್ ಗುರುತು ತೆಗೆದು ಬೆಲೆಯನ್ನು ಫಾಲ್ಸ್ ಮಾಡಿ. ಸಾಲು ಇಲ್ಲದಿದ್ದರೆ ನೀವೇ ಸೇರಿಸಿ. ಓಎಸ್-ಪ್ರೋಬರ್ ಪ್ಯಾಕೇಜ್ ಇಲ್ಲದಿದ್ದರೆ ಹಾಕಿಕೊಳ್ಳಿ. ಆಮೇಲೆ ಡೆಬಿಯನ್, ಉಬುಂಟು, ಮಿಂಟ್‌ಗಳಲ್ಲಿ ಸೂಡೋ ಅಪ್‌ಡೇಟ್-ಗ್ರಬ್. ಪರದೆಯಲ್ಲಿ "ಫೌಂಡ್ ವಿಂಡೋಸ್ ಬೂಟ್ ಮ್ಯಾನೇಜರ್" ಎಂಬ ಸಾಲು ಕಂಡರೆ ಮುಂದಿನ ಸಲ ಮೆನುವಿನಲ್ಲಿ ಅದು ಇರುತ್ತದೆ.

ಅದು ಕಾಣಲಿಲ್ಲವೆಂದರೆ, ಇಲ್ಲವೇ ಕಂಡರೂ ವಿಂಡೋಸ್ ಏಳಲಿಲ್ಲವೆಂದರೆ, ಎರಡು ಸಾಧ್ಯತೆ ನೋಡಿ. ಒಂದು, ಎರಡೂ ಓಎಸ್‌ಗಳು ಬೇರೆ ಬೇರೆ ಪದ್ಧತಿಯಲ್ಲಿ ಕೂತಿವೆ. ವಿಂಡೋಸ್ ಯುಇಎಫ್‌ಐನಲ್ಲಿ, ಲಿನಕ್ಸ್ ಹಳೆಯ ಬಯೋಸ್ ರೀತಿಯಲ್ಲಿ ಇನ್‌ಸ್ಟಾಲ್ ಆಗಿದ್ದರೆ ಗ್ರಬ್ ಎಷ್ಟು ಒದ್ದಾಡಿದರೂ ವಿಂಡೋಸನ್ನು ಎಬ್ಬಿಸಲಾರದು. ಲಿನಕ್ಸ್‌ನಲ್ಲಿ ಸಿಸ್ ಫೋಲ್ಡರಿನ ಫರ್ಮ್‌ವೇರ್ ಒಳಗೆ ಇಎಫ್‌ಐ ಎಂಬ ಫೋಲ್ಡರ್ ಇದ್ದರೆ ಅದು ಯುಇಎಫ್‌ಐ ರೀತಿ ಎದ್ದಿದೆ, ಇಲ್ಲದಿದ್ದರೆ ಹಳೆಯ ರೀತಿ. ಪೆನ್‌ಡ್ರೈವಿನಿಂದ ಬೂಟ್ ಮಾಡುವಾಗ ಮೆನುವಿನಲ್ಲಿ ಅದೇ ಪೆನ್‌ಡ್ರೈವ್ ಎರಡು ಸಲ ಕಂಡು, ಒಂದಕ್ಕೆ ಯುಇಎಫ್‌ಐ ಎಂಬ ಪೂರ್ವಪದ ಇರುವುದನ್ನು ನೋಡಿರುತ್ತೀರಿ. ಅಲ್ಲಿ ತಪ್ಪು ಸಾಲು ಆರಿಸಿದ್ದೇ ಈ ಎಡವಟ್ಟಿನ ಮೂಲ. ರಿಪೇರಿಗೆ ಪೆನ್‌ಡ್ರೈವ್ ಹಾಕುವಾಗಲೂ ಇದೇ ಎಚ್ಚರ ಬೇಕು.

ಎರಡು, ಡಿಸ್ಕ್ ಕಂಟ್ರೋಲರಿನ ಸೆಟ್ಟಿಂಗ್. ಇಂಟೆಲ್‌ನ ಆರ್‌ಎಸ್‌ಟಿ ಅಥವಾ ರೈಡ್ ರೀತಿಯಲ್ಲಿರುವ ಲ್ಯಾಪ್‌ಟಾಪುಗಳಲ್ಲಿ ಲಿನಕ್ಸ್ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣುವುದೇ ಇಲ್ಲ. ಆಗ ಅನೇಕರು ಫರ್ಮ್‌ವೇರ್‌ಗೆ ಹೋಗಿ ಅದನ್ನು ಎಎಚ್‌ಸಿಐ ಎಂದು ಬದಲಿಸುತ್ತಾರೆ. ಲಿನಕ್ಸ್ ಖುಷಿಯಾಗಿ ಕೂರುತ್ತದೆ, ವಿಂಡೋಸ್ ಮಾತ್ರ ನೀಲಿ ಪರದೆಯಲ್ಲಿ "ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್" ಎನ್ನುತ್ತದೆ. ಅದಕ್ಕೆ ಬೇಕಾದ ಡ್ರೈವರ್ ಆರಂಭದಲ್ಲೇ ಎದ್ದಿರುವುದಿಲ್ಲ, ಅಷ್ಟೇ. ಸೆಟ್ಟಿಂಗನ್ನು ಮೊದಲಿನಂತೆ ಮಾಡಿ ವಿಂಡೋಸ್‌ಗೆ ಹೋಗಿ. ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಏಳುವಂತೆ ಗೊತ್ತುಮಾಡಿ ಆಫ್ ಮಾಡಿ. ಎಎಚ್‌ಸಿಐಗೆ ಬದಲಿಸಿ ಆನ್ ಮಾಡಿ. ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದರೆ ಅದು ಡ್ರೈವರ್ ಹೊಂದಿಸಿಕೊಳ್ಳುತ್ತದೆ, ಆಮೇಲೆ ಸೇಫ್ ಮೋಡ್ ತೆಗೆದುಬಿಡಬಹುದು.

ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಬಗ್ಗೆಯೂ ಹೇಳಬೇಕು. ವಿಂಡೋಸ್ 8ರ ಜೊತೆ 2012ರಲ್ಲಿ ಬಂದ ಸೌಲಭ್ಯ ಇದು. ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ತನ್ನ ತಿರುಳಾದ ಕರ್ನೆಲ್‌ನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಕಣ್ಣುಮುಚ್ಚುತ್ತದೆ. ಅಂಥ ಡಿಸ್ಕ್‌ಗೆ ಲಿನಕ್ಸ್‌ನಿಂದ ಬರೆದರೆ ಫೈಲ್ ಸಿಸ್ಟಂ ಕೆಡುವ ಅಪಾಯ ಇದೆ. ಅದಕ್ಕೇ ಲಿನಕ್ಸ್ ಅದನ್ನು ಓದಲಷ್ಟೇ ತೆರೆಯುತ್ತದೆ, ಇಲ್ಲವೇ ತೆರೆಯಲು ಒಪ್ಪುವುದಿಲ್ಲ. ಆ ಎಚ್ಚರಿಕೆಯನ್ನು ಬಲವಂತವಾಗಿ ದಾಟಬೇಡಿ. ಡ್ಯುಯಲ್ ಬೂಟ್ ಮಾಡುವವರು ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಇದನ್ನು ಆಫ್ ಮಾಡಿಯೇ ಇಡಬೇಕು.

ವಿಂಡೋಸ್ ಬಂತು, ಲಿನಕ್ಸ್ ಹೋಯಿತು

ವಿಂಡೋಸನ್ನು ಹೊಸದಾಗಿ ಹಾಕಿದಾಗ, ಕೆಲವೊಮ್ಮೆ ದೊಡ್ಡ ಅಪ್‌ಡೇಟ್ ಆದಾಗ, ಗ್ರಬ್ ಮೆನು ಮಾಯವಾಗಿ ನೇರ ವಿಂಡೋಸ್ ಬರುತ್ತದೆ. ಯುಇಎಫ್‌ಐ ಕಂಪ್ಯೂಟರಾದರೆ ಮೊದಲು ಫರ್ಮ್‌ವೇರ್ ಸೆಟ್ಟಿಂಗಿನ ಬೂಟ್ ಕ್ರಮ ನೋಡಿ. ಲಿನಕ್ಸ್‌ನ ಹೆಸರು ಎರಡನೆಯ ಸಾಲಿಗೆ ಇಳಿದಿದ್ದರೆ ಮೇಲಕ್ಕೇರಿಸಿ ಸೇವ್ ಮಾಡಿದರೆ ಕೆಲಸ ಮುಗಿಯಿತು. ಲಿನಕ್ಸ್‌ನೊಳಗಿನಿಂದಲೂ ಇದನ್ನು ಮಾಡಬಹುದು. ಇಎಫ್‌ಐಬೂಟ್‌ಎಂಜಿಆರ್ ಎಂಬ ಕಮಾಂಡ್ ಪ್ರತಿ ಸಾಲಿಗೆ ನಾಲ್ಕಂಕಿಯ ಸಂಖ್ಯೆ ತೋರಿಸುತ್ತದೆ. ಉದಾಹರಣೆಗೆ 0000 ವಿಂಡೋಸ್, 0001 ಲಿನಕ್ಸ್. ಅದೇ ಕಮಾಂಡ್‌ಗೆ ಹೈಫನ್ ಓ ಕೊಟ್ಟು 0001,0000 ಎಂದು ಬರೆದರೆ ಕ್ರಮ ಬದಲಾಗುತ್ತದೆ. ಕೆಲವು ಫರ್ಮ್‌ವೇರ್‌ಗಳು ಎಷ್ಟು ಹೇಳಿದರೂ ವಿಂಡೋಸನ್ನೇ ಮುಂದೆ ತಂದು ನಿಲ್ಲಿಸುತ್ತವೆ. ಅಂಥ ಯಂತ್ರದೊಂದಿಗೆ ಗುದ್ದಾಡುವ ಬದಲು ಬೂಟ್ ಮೆನು ಕೀ ಒತ್ತಿ ಲಿನಕ್ಸ್ ಆರಿಸಿಕೊಳ್ಳುವ ರೂಢಿ ಮಾಡಿಕೊಳ್ಳುವುದೇ ವಾಸಿ.

ಗ್ರಬ್ ನಿಜವಾಗಿಯೂ ಅಳಿಸಿಹೋಗಿದ್ದರೆ, ಹಳೆಯ ಬಯೋಸ್ ಯಂತ್ರಗಳಲ್ಲಿ ಆಗುವಂತೆ, ಲೈವ್ ಪೆನ್‌ಡ್ರೈವಿನಿಂದ ಅದನ್ನು ಮರಳಿ ಕೂರಿಸಬೇಕು. ಯೋಚನೆ ಸರಳ. ಪೆನ್‌ಡ್ರೈವಿನ ಲಿನಕ್ಸ್‌ನಲ್ಲಿ ನಿಂತು, ಡಿಸ್ಕ್‌ನಲ್ಲಿರುವ ಲಿನಕ್ಸ್‌ನ ಒಳಗೆ ಕಾಲಿಟ್ಟು, ಅಲ್ಲಿಂದ ಗ್ರಬ್ ಹಾಕುವುದು. ಲಿನಕ್ಸ್‌ನ ಮೂಲ ಪಾರ್ಟಿಷನ್ನನ್ನು ಎಂಎನ್‌ಟಿ ಫೋಲ್ಡರಿಗೆ ಮೌಂಟ್ ಮಾಡಿ, ಅಂದರೆ ಆ ಫೋಲ್ಡರಿನಲ್ಲಿ ತೆರೆದುಕೊಳ್ಳುವಂತೆ ಜೋಡಿಸಿ. ಯುಇಎಫ್‌ಐ ಆದರೆ ಇಎಫ್‌ಐ ಪಾರ್ಟಿಷನ್ನನ್ನು ಅದರೊಳಗಿನ ಬೂಟ್ ಫೋಲ್ಡರಿನ ಇಎಫ್‌ಐಗೆ ಮೌಂಟ್ ಮಾಡಿ. ಡೆವ್, ಪ್ರಾಕ್, ಸಿಸ್ ಎಂಬ ಮೂರು ಫೋಲ್ಡರುಗಳನ್ನು ಆರ್‌ಬೈಂಡ್ ಆಯ್ಕೆಯೊಂದಿಗೆ ಅಲ್ಲಿಗೆ ಜೋಡಿಸಿ. ಆಮೇಲೆ ಸೂಡೋ ಸಿಎಚ್‌ರೂಟ್ ಕಮಾಂಡಿನಿಂದ ಎಂಎನ್‌ಟಿ ಒಳಗೆ ಹೋಗಿ. ಈಗ ನೀವು ಕೊಡುವ ಕಮಾಂಡ್‌ಗಳೆಲ್ಲ ಡಿಸ್ಕ್‌ನ ಲಿನಕ್ಸ್‌ಗೇ ಸಲ್ಲುತ್ತವೆ. ಗ್ರಬ್-ಇನ್‌ಸ್ಟಾಲ್ ಕೊಡಿ, ಅಪ್‌ಡೇಟ್-ಗ್ರಬ್ ಕೊಡಿ, ಹೊರಬಂದು ರೀಸ್ಟಾರ್ಟ್ ಮಾಡಿ. ಬಯೋಸ್ ಯಂತ್ರದಲ್ಲಿ ಗ್ರಬ್-ಇನ್‌ಸ್ಟಾಲ್ ಮುಂದೆ ಇಡೀ ಡಿಸ್ಕ್‌ನ ಹೆಸರು ಕೊಡಬೇಕು, ಎಸ್‌ಡಿಎ ಎಂದು. ಎಸ್‌ಡಿಎ2 ಎಂದು ಪಾರ್ಟಿಷನ್ ಸಂಖ್ಯೆ ಸೇರಿಸುವುದು ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು. ಫೆಡೋರಾದವರು ಯುಇಎಫ್‌ಐನಲ್ಲಿ ಗ್ರಬ್2-ಇನ್‌ಸ್ಟಾಲ್ ಬಳಸದೆ, ಗ್ರಬ್ ಮತ್ತು ಶಿಮ್ (ಗ್ರಬ್‌ಗೂ ಮೊದಲು ಓಡುವ ಪುಟ್ಟ ಲೋಡರ್) ಪ್ಯಾಕೇಜುಗಳನ್ನೇ ಮರುಇನ್‌ಸ್ಟಾಲ್ ಮಾಡಬೇಕು.

ಇಷ್ಟೆಲ್ಲ ಟೈಪ್ ಮಾಡಲು ಹಿಂಜರಿಕೆ ಇದ್ದರೆ ಬೂಟ್-ರಿಪೇರ್ ಎಂಬ ಉಚಿತ ಸಾಧನ ಇದೇ ಕೆಲಸವನ್ನು ಒಂದು ಬಟನ್ನಿನಲ್ಲಿ ಮಾಡುತ್ತದೆ. ಆದರೆ ಬಟನ್ ಒತ್ತುವ ಮೊದಲು ಅದು ತಯಾರಿಸುವ ವರದಿಯನ್ನು ಓದಿ. ನಿಮ್ಮ ಡಿಸ್ಕ್‌ನ ಚಿತ್ರಣ ಅದರಲ್ಲಿ ಪೂರ್ತಿ ಸಿಗುತ್ತದೆ.

ಕಪ್ಪು ಪರದೆ, "ಗ್ರಬ್ ರೆಸ್ಕ್ಯೂ"

ಮೊದಲ ಸಲ ಇದನ್ನು ಕಂಡವರ ಎದೆ ಧಸಕ್ ಎನ್ನುವುದು ಸಹಜ. ಕಪ್ಪು ಪರದೆ, "ನೋ ಸಚ್ ಪಾರ್ಟಿಷನ್" ಎಂಬ ಒಂದು ಸಾಲು, ಕೆಳಗೆ "ಗ್ರಬ್ ರೆಸ್ಕ್ಯೂ" ಎಂದು ಮಿನುಗುವ ಕರ್ಸರ್. ಹೆಚ್ಚಾಗಿ ಬಯೋಸ್ ರೀತಿಯ ಯಂತ್ರಗಳಲ್ಲಿ ಬರುತ್ತದೆ. ಕಾರಣ ಏನೆಂದರೆ, ಮೊದಲ ಸೆಕ್ಟರಿನ 446 ಬೈಟ್‌ನಲ್ಲಿ ಇಡೀ ಗ್ರಬ್ ಹಿಡಿಸುವುದಿಲ್ಲ. ಅದರ ಎರಡನೆಯ ತುಣುಕು ಮೊದಲ ಪಾರ್ಟಿಷನ್‌ಗೆ ಮುಂಚಿನ ಖಾಲಿ ಜಾಗದಲ್ಲಿರುತ್ತದೆ, ಉಳಿದ ಮಾಡ್ಯೂಲುಗಳು, ಮೆನು ಎಲ್ಲ ಲಿನಕ್ಸ್ ಪಾರ್ಟಿಷನ್ನಿನೊಳಗೆ. ಆ ಪಾರ್ಟಿಷನ್ನಿನ ಸಂಖ್ಯೆ ಬದಲಾದರೆ ಮೊದಲೆರಡು ತುಣುಕುಗಳು ಎದ್ದು, ಮೂರನೆಯದನ್ನು ಹುಡುಕಿ ಸಿಗದೆ ಅಲ್ಲೇ ನಿಲ್ಲುತ್ತವೆ. ಲಿನಕ್ಸ್ ಬೇಡವೆಂದು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಪಾರ್ಟಿಷನ್ ಅಳಿಸಿದವರಿಗೂ ಇದೇ ಗತಿ. ಮೆನು ಇದ್ದದ್ದೇ ಅಲ್ಲಿ.

ಪಾರ್ಟಿಷನ್ ಇನ್ನೂ ಇದೆಯೆಂದಾದರೆ ಈ ಪರದೆಯಿಂದಲೇ ಎದ್ದು ಹೋಗಬಹುದು. ಎಲ್‌ಎಸ್ ಎಂದು ಕೊಡಿ. ಆವರಣದೊಳಗೆ ಎಚ್‌ಡಿ0, ಎಂಎಸ್‌ಡಾಸ್1, ಎಂಎಸ್‌ಡಾಸ್5 ಎಂಬಂಥ ಹೆಸರುಗಳು ಬರುತ್ತವೆ. ಹೊಸ ಬಗೆಯ ಪಾರ್ಟಿಷನ್ ಪಟ್ಟಿಯಾದ ಜಿಪಿಟಿ ಇರುವ ಡಿಸ್ಕ್ ಆದರೆ ಎಂಎಸ್‌ಡಾಸ್ ಬದಲು ಜಿಪಿಟಿ ಎಂದಿರುತ್ತದೆ. ಈಗ ಒಂದೊಂದನ್ನೇ ಎಲ್‌ಎಸ್ ಮುಂದೆ ಹಾಕಿ, ಕೊನೆಗೆ ಸ್ಲ್ಯಾಶ್ ಕೊಟ್ಟು ನೋಡುತ್ತಾ ಹೋಗಿ. "ಅನ್‌ನೋನ್ ಫೈಲ್‌ಸಿಸ್ಟಂ" ಎಂದರೆ ಅದಲ್ಲ. ಹೋಂ, ಇಟಿಸಿ, ಬೂಟ್ ಎಂಬ ಹೆಸರುಗಳ ಸಾಲು ಬಂದರೆ ಅದೇ ನಿಮ್ಮ ಲಿನಕ್ಸ್. ಅದು ಎಂಎಸ್‌ಡಾಸ್5 ಎಂದಿಟ್ಟುಕೊಳ್ಳಿ. ಸೆಟ್ ಕಮಾಂಡಿನಿಂದ ರೂಟ್ ಎಂಬುದಕ್ಕೆ ಆ ಹೆಸರು ಕೊಡಿ. ಮತ್ತೆ ಸೆಟ್‌ನಿಂದ ಪ್ರಿಫಿಕ್ಸ್ ಎಂಬುದಕ್ಕೆ ಅದೇ ಹೆಸರಿನ ಮುಂದೆ ಸ್ಲ್ಯಾಶ್ ಬೂಟ್ ಸ್ಲ್ಯಾಶ್ ಗ್ರಬ್ ಸೇರಿಸಿ ಕೊಡಿ. ಸಮ ಚಿಹ್ನೆಯ ಅಕ್ಕಪಕ್ಕ ಖಾಲಿ ಜಾಗ ಬಿಡಬಾರದು. ಆಮೇಲೆ ಇನ್ಸ್‌ಮಾಡ್ ನಾರ್ಮಲ್, ಎಂಟರ್. ಕೊನೆಗೆ ನಾರ್ಮಲ್, ಎಂಟರ್. ಎಲ್ಲ ಸರಿಯಿದ್ದರೆ ಪರಿಚಿತ ಮೆನು ಕಣ್ಣಮುಂದೆ ಬಂದು ನಿಲ್ಲುತ್ತದೆ. ಲಿನಕ್ಸ್‌ಗೆ ಹೋದ ತಕ್ಷಣ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್ ಎರಡನ್ನೂ ಓಡಿಸಿ, ಇಲ್ಲದಿದ್ದರೆ ಮುಂದಿನ ಸಲ ಮತ್ತೆ ಅದೇ ಕಪ್ಪು ಪರದೆ.

ವಿಂಡೋಸ್‌ನ ಬೂಟ್ ಫೈಲೇ ಹೋಗಿದ್ದರೆ

ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ ಇಎಫ್‌ಐ ಪಾರ್ಟಿಷನ್ನನ್ನು ಬಳಸಬೇಕು, ಫಾರ್ಮ್ಯಾಟ್ ಮಾಡಬಾರದು. ಕೈತಪ್ಪಿ ಫಾರ್ಮ್ಯಾಟ್ ಗುರುತು ಹಾಕಿದ್ದರೆ ವಿಂಡೋಸ್‌ನ ಬೂಟ್ ಫೈಲುಗಳು ಹೋದವು. ದೊಡ್ಡ ನಷ್ಟವೇನಲ್ಲ, ಅವುಗಳ ಮೂಲ ಪ್ರತಿ ವಿಂಡೋಸ್ ಫೋಲ್ಡರಿನ ಒಳಗೇ ಇರುತ್ತದೆ. ವಿಂಡೋಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, "ರಿಪೇರ್ ಯುವರ್ ಕಂಪ್ಯೂಟರ್" ಮೂಲಕ ಕಮಾಂಡ್ ಪ್ರಾಂಪ್ಟ್‌ಗೆ ಬನ್ನಿ. ಡಿಸ್ಕ್‌ಪಾರ್ಟ್ ತೆರೆದು ಲಿಸ್ಟ್ ವಾಲ್ಯೂಮ್ ಕೊಟ್ಟರೆ ಫ್ಯಾಟ್32 ಎಂದಿರುವ ಸಣ್ಣ ಪಾರ್ಟಿಷನ್ ಕಾಣುತ್ತದೆ. ಅದನ್ನು ಸೆಲೆಕ್ಟ್ ಮಾಡಿ ಎಸ್ ಎಂಬ ಅಕ್ಷರ ಕೊಡಿ. ಡಿಸ್ಕ್‌ಪಾರ್ಟ್‌ನಿಂದ ಹೊರಬಂದು ಬಿಸಿಡಿಬೂಟ್ ಕಮಾಂಡ್‌ಗೆ ಮೂರು ವಿಷಯ ಹೇಳಬೇಕು: ವಿಂಡೋಸ್ ಫೋಲ್ಡರ್ ಎಲ್ಲಿದೆ, ಸ್ಲ್ಯಾಶ್ ಎಸ್ ಕೊಟ್ಟು ಎಸ್ ಡ್ರೈವ್, ಸ್ಲ್ಯಾಶ್ ಎಫ್ ಕೊಟ್ಟು ಯುಇಎಫ್‌ಐ. ಈ ರಿಪೇರಿ ಪರಿಸರದಲ್ಲಿ ವಿಂಡೋಸ್ ಇರುವುದು ಸಿ ಡ್ರೈವ್‌ನಲ್ಲೇ ಎಂದು ನಂಬಬೇಡಿ, ಅಕ್ಷರಗಳು ಅದಲುಬದಲಾಗಿರುತ್ತವೆ. ಡಿಐಆರ್ ಕೊಟ್ಟು ಖಚಿತ ಮಾಡಿಕೊಳ್ಳಿ.

ಬೂಟ್‌ರೆಕ್ ಕಮಾಂಡಿನ ಫಿಕ್ಸ್‌ಎಂಬಿಆರ್, ಫಿಕ್ಸ್‌ಬೂಟ್ ಆಯ್ಕೆಗಳನ್ನು ಎಲ್ಲೆಡೆ ಮದ್ದಿನಂತೆ ಹೇಳುತ್ತಾರೆ. ಫಿಕ್ಸ್‌ಎಂಬಿಆರ್ ಹಳೆಯ ಬಯೋಸ್ ಯಂತ್ರಕ್ಕೆ ಸರಿಯಾದ ಮದ್ದು, ಯುಇಎಫ್‌ಐ ಯಂತ್ರದಲ್ಲಿ ಅದರಿಂದ ಉಪಯೋಗವಿಲ್ಲ. ಫಿಕ್ಸ್‌ಬೂಟ್ ಅಲ್ಲಿ ಎಷ್ಟೋ ಸಲ "ಆ್ಯಕ್ಸೆಸ್ ಡಿನೈಡ್" ಎಂದು ವಾಪಸ್ ಕಳಿಸುತ್ತದೆ. ಯುಇಎಫ್‌ಐಗೆ ಬಿಸಿಡಿಬೂಟ್ ಒಂದೇ ಸಾಕು.

ಬಿಟ್‌ಲಾಕರ್ ಇರುವವರು ಒಂದು ವಿಷಯ ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ಬೂಟ್ ಆಗುವ ದಾರಿಯಲ್ಲಿ ಬದಲಾವಣೆ ಕಂಡರೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ನೀವು ಆನ್ ಮಾಡದೆಯೇ ಈ ಬೀಗ ಬಿದ್ದಿರಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಕೀ ಆ ಖಾತೆಯಲ್ಲಿ ಉಳಿದಿರುತ್ತದೆ, ಫೋನಿನಿಂದಲೇ ನೋಡಿ ಬರೆದುಕೊಳ್ಳಬಹುದು. ಕೀ ಎಲ್ಲೂ ಇಲ್ಲದಿದ್ದರೆ ಆ ಫೈಲುಗಳಿಗೆ ಯಾರೂ ದಾರಿ ಮಾಡಿಕೊಡಲಾರರು. ಹಣ ಕೊಟ್ಟರೆ ತೆರೆದುಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಗ್ರಬ್ ಮೂಲಕ ವಿಂಡೋಸ್ ತೆರೆದಾಗ ಮಾತ್ರ ಕೀ ಕೇಳುತ್ತಿದ್ದರೆ, ಬೂಟ್ ಮೆನುವಿನಿಂದ ನೇರವಾಗಿ ವಿಂಡೋಸ್ ಆರಿಸಿ ನೋಡಿ.

ನಮ್ಮದೇನೂ ತಪ್ಪಿಲ್ಲದೆಯೂ ಓಎಸ್ ಮಾಯವಾಗುವುದುಂಟು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್, ನಂಬಿಕಸ್ತ ಸಹಿ ಇರುವ ಬೂಟ್ ಲೋಡರನ್ನಷ್ಟೇ ಏಳಲು ಬಿಡುವ ಸೆಕ್ಯೂರ್ ಬೂಟ್‌ನ ನಿಯಮ ಬಿಗಿಮಾಡಿ, ಹಳೆಯ ಶಿಮ್ ಇದ್ದ ಲಿನಕ್ಸ್‌ಗಳನ್ನು ತಡೆಯಿತು. ಪರದೆಯಲ್ಲಿ ಎಸ್‌ಬ್ಯಾಟ್ (ಹಳೆಯ ಬೂಟ್ ಲೋಡರುಗಳನ್ನು ತಡೆಯುವ ನಿಯಮ) ಪರಿಶೀಲನೆ ವಿಫಲ ಎಂಬ ಸಂದೇಶ ಬಂದು ಯಂತ್ರ ಆಫ್ ಆಗುತ್ತಿತ್ತು. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸ್‌ಗೆ ಹೋಗಿ, ಎಂಒಕೆಯುಟಿಲ್ ಕಮಾಂಡಿನಿಂದ ಆ ಎಸ್‌ಬ್ಯಾಟ್ ನಿಯಮ ಅಳಿಸಿ, ಶಿಮ್ ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡುವುದು ಪರಿಹಾರವಾಗಿತ್ತು.

ಪಾರ್ಟಿಷನ್ನೇ ಕಾಣದಿದ್ದರೆ

ಲೈವ್ ಪೆನ್‌ಡ್ರೈವಿನಲ್ಲಿ ನೋಡಿದಾಗ ಹಳೆಯ ಪಾರ್ಟಿಷನ್ ಪಟ್ಟಿಯಲ್ಲೇ ಇಲ್ಲದಿದ್ದರೆ ನಿಧಾನ ಬೇಕು. ಪಾರ್ಟಿಷನ್ ಅಳಿಸುವುದೆಂದರೆ ಪಟ್ಟಿಯಿಂದ ಒಂದು ಸಾಲು ಹೊಡೆದುಹಾಕುವುದು, ಒಳಗಿನ ಫೈಲುಗಳನ್ನು ಆ ಕ್ಷಣ ಯಾರೂ ಮುಟ್ಟಿರುವುದಿಲ್ಲ. ಆ ಸಾಲನ್ನು ಮತ್ತೆ ಬರೆದರೆ ಎಲ್ಲ ಮರಳುತ್ತದೆ. ಈ ಕೆಲಸಕ್ಕೆ ಕ್ರಿಸ್ಟೋಫ್ ಗ್ರೆನಿಯರ್ ಬರೆದ ಟೆಸ್ಟ್‌ಡಿಸ್ಕ್‌ಗಿಂತ ಒಳ್ಳೆಯ ಉಚಿತ ಸಾಧನ ನನಗೆ ಸಿಕ್ಕಿಲ್ಲ. ಅದು ಡಿಸ್ಕ್ ಉದ್ದಕ್ಕೂ ಓದುತ್ತಾ ಫೈಲ್ ಸಿಸ್ಟಂಗಳ ಗುರುತು ಹುಡುಕುತ್ತದೆ.

ಅನಲೈಸ್, ಆಮೇಲೆ ಕ್ವಿಕ್ ಸರ್ಚ್. ಸಿಗದಿದ್ದರೆ ಡೀಪರ್ ಸರ್ಚ್, ದೊಡ್ಡ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಪಟ್ಟಿ ಬಂದ ಮೇಲೆ ಒಂದು ಪಾರ್ಟಿಷನ್ ಮೇಲೆ ನಿಂತು ಪಿ ಒತ್ತಿದರೆ ಒಳಗಿನ ಫೈಲುಗಳ ಹೆಸರು ತೋರಿಸುತ್ತದೆ. ನಿಮ್ಮದೇ ಫೋಲ್ಡರುಗಳು ಕಂಡರೆ ಅದು ಸರಿಯಾದ ಪಾರ್ಟಿಷನ್. ಅಲ್ಲಿಂದಲೇ ಬೇಕಾದ ಫೈಲುಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಬಹುದು, ಅದನ್ನೇ ಮೊದಲು ಮಾಡಿ. "ರೈಟ್" ಒತ್ತುವುದು ಕೊನೆಗೆ, ಪಟ್ಟಿಯಲ್ಲಿರುವ ಪ್ರತಿ ಸಾಲೂ ಸರಿಯಿದೆ ಎಂದು ಖಾತ್ರಿಯಾದ ಮೇಲೆ. ಜಿಪಿಟಿ ಡಿಸ್ಕ್‌ನಲ್ಲಿ ಪಾರ್ಟಿಷನ್ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕ್‌ನ ತುದಿಯಲ್ಲಿರುತ್ತದೆ. ಮೊದಲ ಪ್ರತಿ ಮಾತ್ರ ಕೆಟ್ಟಿದ್ದರೆ ಜಿಡಿಸ್ಕ್ ಎಂಬ ಸಾಧನದಿಂದ ಆ ಪ್ರತಿಯನ್ನು ಬಳಸಬಹುದು. ಇನ್‌ಸ್ಟಾಲರ್ ಹೊಸ ಪಟ್ಟಿಯನ್ನೇ ಬರೆದಿದ್ದರೆ ಎರಡೂ ಪ್ರತಿ ಬದಲಾಗಿರುತ್ತವೆ, ಆಗ ಟೆಸ್ಟ್‌ಡಿಸ್ಕೇ ದಾರಿ.

"ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು" ಎಂಬುದನ್ನೇ ಆರಿಸಿದ್ದರೆ? ತಿರುಗುವ ಹಾರ್ಡ್‌ಡಿಸ್ಕ್ ಆದರೆ ಹೊಸ ಓಎಸ್ ಬರೆದ ಜಾಗ ಬಿಟ್ಟು ಉಳಿದದ್ದರಲ್ಲಿ ಹಳೆಯ ಫೈಲುಗಳು ಇನ್ನೂ ಇರುತ್ತವೆ. ಟೆಸ್ಟ್‌ಡಿಸ್ಕ್ ಜೊತೆಗೇ ಬರುವ ಫೋಟೋರೆಕ್ ಅವನ್ನು ಹೆಕ್ಕಿ ತೆಗೆಯುತ್ತದೆ, ಹೆಸರು, ಫೋಲ್ಡರ್ ಏನೂ ಉಳಿಯದಿದ್ದರೂ ಫೋಟೋಗಳು ಸಿಗುತ್ತವೆ. ಹಾಗೆ ಹೆಕ್ಕಿದ್ದನ್ನು ಅದೇ ಡಿಸ್ಕ್‌ಗೆ ಉಳಿಸಬಾರದು. ಎಸ್‌ಎಸ್‌ಡಿಯ ಕತೆ ಬೇರೆ, ಇದನ್ನು ಹೇಳುವಾಗ ನನಗೇ ಸಂಕಟವಾಗುತ್ತದೆ. ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡುವ ಪ್ರೋಗ್ರಾಂ, ತನ್ನಷ್ಟಕ್ಕೆ, "ಈ ಜಾಗವೆಲ್ಲ ಖಾಲಿ" ಎಂದು ಎಸ್‌ಎಸ್‌ಡಿಗೆ ತಿಳಿಸುತ್ತದೆ. ಟ್ರಿಮ್ ಎಂದರೆ ಇದೇ. ಆಮೇಲೆ ಆ ಜಾಗ ಓದಿದರೆ ಸಾಮಾನ್ಯವಾಗಿ ಬರೀ ಸೊನ್ನೆಗಳೇ ಬರುತ್ತವೆ. ಅಂಥ ಡಿಸ್ಕ್‌ನಿಂದ ಏನಾದರೂ ಸಿಕ್ಕರೆ ಅದು ಅದೃಷ್ಟ. ಬ್ಯಾಕಪ್ ಇದ್ದವರಿಗೆ ಮಾತ್ರ ಅಲ್ಲಿಂದ ಹಿಂದಿರುಗುವ ದಾರಿ ಉಂಟು.

ಗೆಳೆಯ ಆ ರಾತ್ರಿಯೇ ಫೋಟೋಗಳನ್ನೆಲ್ಲ ಹೊರಗಿನ ಡಿಸ್ಕ್‌ಗೆ ತುಂಬಿಕೊಂಡ. ಮರುದಿನ ಬೆಳಗ್ಗೆ ಮತ್ತೆ ಫೋನ್ ಮಾಡಿದ: ವಿಂಡೋಸ್‌ನಲ್ಲಿ ಗಡಿಯಾರ ಕೆಲವು ಗಂಟೆ ತಪ್ಪು ತೋರಿಸುತ್ತಿದೆ, ಇನ್ನೇನೋ ಕೆಟ್ಟಿರಬೇಕು ಎಂಬ ಆತಂಕ. ಕೆಟ್ಟಿರಲಿಲ್ಲ. ಮದರ್‌ಬೋರ್ಡ್‌ನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ತಿಳಿಯುತ್ತದೆ, ಜಾಗತಿಕ ಸಮಯ ಎಂದು ಲಿನಕ್ಸ್ ತಿಳಿಯುತ್ತದೆ, ಒಂದು ಬರೆದದ್ದನ್ನು ಇನ್ನೊಂದು ತನ್ನ ಲೆಕ್ಕದಲ್ಲಿ ಓದುತ್ತದೆ. ಲಿನಕ್ಸ್‌ನಲ್ಲಿ ಟೈಂಡೇಟ್‌ಸಿಟಿಎಲ್ ಕಮಾಂಡ್‌ಗೆ ಸೆಟ್-ಲೋಕಲ್-ಆರ್‌ಟಿಸಿ, ಮುಂದೆ 1 ಎಂದು ಕೊಡಲು ಹೇಳಿದೆ. ಒಮ್ಮೆ ವಿಂಡೋಸ್‌ನಲ್ಲಿ ಸಮಯ ಸರಿಮಾಡಿಕೊಂಡ. ಆಮೇಲೆ ಎರಡರಲ್ಲೂ ಒಂದೇ ಹೊತ್ತು ತೋರಿಸತೊಡಗಿತು.